ನಗ್ಗಿದ ಮುಚ್ಚಳದ ಡಬ್ಬಿ

ಫೆಬ್ರವರಿ ೧, ಶನಿವಾರ

ಅತ್ತೆಯವರಿಗೆ ನಮಸ್ಕಾರ.

ನಾಳೆ ಸಂಜೆ ನಾನು ನಿಮಗೆ ಫೋನ್ ಮಾಡಿ, "ಆ ನಗ್ಗಿದ ಮುಚ್ಚಳದ ಡಬ್ಬಿಯೊಳಗಿನ ಫೋಮು ಮುಗ್ಗಲು ವಾಸನೆ ಹೊಡೀತಿತ್ತು ಅತ್ತೆ, ತೆಗೆದು ಸ್ವಲ್ಪ ಬಿಸಿಲಿಗೆ ಹಾಕಿ" ಅನ್ನುತ್ತೇನೆ. "ನಿನಗೇನು ತಲೆ ಕೆಟ್ಟಿದೆಯಾ" ಎಂದು ನೀವು ಬೈಯುತ್ತೀರಿ. ಬೈದುಕೊಂಡಾದರೂ ಫೋಮು ಎತ್ತಿದ್ದರೆ ಈಗ ಇದನ್ನು ಓದುತ್ತಿದ್ದೀರಿ. ಎತ್ತದಿದ್ದರೆ ನನ್ನ ಹಣೆಬರಹ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದರೆ, ಅದೇ ಆಗುವುದಿಲ್ಲ. ನನ್ನ ಫೋನು, ಗುಬ್ಬಿಯ ಫೋನು, ಇವರು ಹೋದ ವರ್ಷ ನಿಮಗೆ ತಂದುಕೊಟ್ಟ ಫೋನು, ಹಜಾರದ ಕ್ಯಾಮೆರಾ, ಅಡುಗೆಮನೆ ಬಾಗಿಲ ಮೇಲಿನ ಕ್ಯಾಮೆರಾ, ಎಲ್ಲದರ ಮಾತು, ಮೆಸೇಜು, ಫೋಟೊ ದಿನಕ್ಕೊಮ್ಮೆ ಚಪ್ಪಲಿ ಬೀರುವಿನ ಮೇಲಿರುವ ಕಂಪ್ಯೂಟರ್ ಪೆಟ್ಟಿಗೆಗೆ ಹೋಗಿ ಕೂರುತ್ತವೆ. ಪೆಟ್ಟಿಗೆಯಿಂದ ಎರಡು ಡಿಸ್ಕುಗಳಿಗೆ ಕಾಪಿ. ಒಂದು ಇವರ ಮೇಜಿನ ಡ್ರಾಯರಿನಲ್ಲಿ, ಇನ್ನೊಂದು ನಿಮ್ಮ ಬೀರುವಿನಲ್ಲಿ. ತಿಂಗಳ ಮೊದಲ ಭಾನುವಾರ ಇವರು ಒಂದನ್ನು ಫೋಮು ಹಾಸಿದ ಬಿಸ್ಕತ್ತಿನ ಡಬ್ಬಿಯಲ್ಲಿ ತಂದು ನಿಮಗೆ ಕೊಟ್ಟು, ಇನ್ನೊಂದನ್ನು ಅದರ ಡಬ್ಬಿಯಲ್ಲೇ ವಾಪಸ್ ತರುತ್ತಾರಲ್ಲ, ಅದು ಇದೇ. ಮನೆಗೆ ಬೆಂಕಿ ಬಿದ್ದರೂ ಅಮ್ಮನ ಹತ್ತಿರ ಒಂದು ಇರಬೇಕು ಎನ್ನುತ್ತಾರೆ. ಲಿಫ್ಟ್ ರಿಪೇರಿ ಮಾಡುವವರಿಗೆ ಬೇರೆ ಹೇಗೆ ಯೋಚನೆ ಬರಬೇಕು? "ಒಂದೇ ಹಗ್ಗದ ಮೇಲೆ ಯಾರಾದ್ರೂ ಜನರನ್ನ ಹತ್ತಿಸ್ತಾರಾ?" ಎಂಬುದು ಇವರ ಮಾತು.

ಯಾಕೆ ಹೀಗಾದರು ಎಂದು ನಿಮಗೆ ನಾನು ಹೇಳಬೇಕಿಲ್ಲ. ನನ್ನ ಮೈದುನ ಹೋದಾಗ ಅವನ ಫೋನೂ ಅವನ ಜೊತೆಗೇ ಹೋಯಿತು. ಇವರ ಹಳೆಯ ಫೋನಿನಲ್ಲಿ ಅವನದೊಂದು ತುಂಡು ವಿಡಿಯೊ ಬಿಟ್ಟರೆ ಏನೂ ಉಳಿಯಲಿಲ್ಲ. ಅಂದಿನಿಂದ ಈ ಮನೆಯಲ್ಲಿ ಏನೂ ಕಳೆಯುವ ಹಾಗಿಲ್ಲ. "ನಾನು ನೋಡಲ್ಲ ಕಣೇ, ಇಡ್ತೀನಿ ಅಷ್ಟೆ" ಎನ್ನುತ್ತಾರೆ. ನಂಬುತ್ತೇನೆ. ಆದರೂ ಅತ್ತೆ, ಅಡುಗೆಮನೆಯಲ್ಲಿ ನಿಂತು ಒಬ್ಬಳೇ ಗೊಣಗಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಅಂಚೆಗೆ ಹಾಕೋಣವೆಂದರೆ ನಿಮ್ಮ ಕಟ್ಟಡದ ಕೆಳಗಿನ ಟಪಾಲು ಪೆಟ್ಟಿಗೆಯ ಕೀಲಿಯೂ ಇವರ ಹತ್ತಿರವೇ ಇದೆ. ನಿಮ್ಮ ವಿದ್ಯುತ್ ಬಿಲ್ಲನ್ನೂ ಸ್ಕ್ಯಾನ್ ಮಾಡಿ ಇಡುವವರು ಇವರು.

ವಿಷಯ ನಿಮ್ಮ ಮೊಮ್ಮಗಳದು, ಗುಬ್ಬಿಯದು. ಹೋದ ವಾರ ಇವರ ಕೆಲಸದವರು ಊಟಕ್ಕೆ ಬಂದಿದ್ದರು. ಇವರು ಖುಷಿಯಲ್ಲಿ ದೊಡ್ಡ ಪರದೆಯ ಮೇಲೆ ಗುಬ್ಬಿಯ ಹಳೆಯ ವಿಡಿಯೊ ಹಾಕಿದರು. ಐದು ವರ್ಷದ ಮಗು "ನೀರು" ಅನ್ನಲು ಹೋಗಿ "ನೀ... ನೀ... ನೀ..." ಎಂದು ಕಣ್ಣು ಮೇಲೆ ಮಾಡುವುದು, ಇವರು ಹಿಂದಿನಿಂದ "ಹೇಳು ಪುಟ್ಟ, ನೀರು! ನೀರು!" ಎಂದು ಪದ ಮುಗಿಸಿಕೊಡುವುದು. "ಈಗ ನೋಡಿ ಹೇಗೆ ಮಾತಾಡ್ತಾಳೆ! ಮಾತಾಡಮ್ಮಾ" ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು. ಹನ್ನೆರಡು ವರ್ಷದ ಹುಡುಗಿ, ಎಲ್ಲರೂ ತಿರುಗಿ ನೋಡುತ್ತಿದ್ದಾರೆ, ಅವಳ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಅಂದಿನಿಂದ ಮನೆಯಲ್ಲಿ ಅವಳು ಮಾತಾಡಿಲ್ಲ.

ನಾನು ಭಾನುವಾರವೂ ಕನ್ನಡಕದ ಅಂಗಡಿಯಲ್ಲಿ ಇರಲೇಬೇಕು, ನಿಮ್ಮಲ್ಲಿಗೆ ಬರಲಾಗುವುದಿಲ್ಲ. ಈ ಡಬ್ಬಿ ಮುಂದಿನ ತಿಂಗಳು ಇಲ್ಲಿಗೆ ವಾಪಸ್ ಬರುತ್ತದೆ. ಒಂದು ಸಾಲು ಬರೆದಿಡಿ.

ನಿಮ್ಮ ಸೊಸೆ

*

ಮಾರ್ಚ್ ೧, ಶನಿವಾರ

ಸೊಸೆಗೆ ಆಶೀರ್ವಾದ.

ಫೋಮು ಅಂದೇ ಎತ್ತಿದೆ. ಬೈದುಕೊಂಡೇ ಎತ್ತಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ಅತ್ತೆ ಸೊಸೆ ಇಬ್ಬರೂ ಸೇರಿ ಬಿಸ್ಕತ್ತಿನ ಡಬ್ಬಿಯಲ್ಲಿ ಕಳ್ಳಕಾಗದ ಬರೆಯುವ ಕಾಲವೂ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ನಾನು ಇಲ್ಲಿ ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಲಿಫ್ಟ್ ರಿಪೇರಿಯವನ ತಾಯಿ, ಲಿಫ್ಟಿಲ್ಲದ ಮೂರನೇ ಮಹಡಿ. ಮೊಣಕಾಲು ಹೇಳಿದ ಮಾತು ಕೇಳುತ್ತಿಲ್ಲ, ಕೆಳಗೆ ಇಳಿದು ಎಷ್ಟು ದಿನವಾಯಿತೋ. ಕಿಟಕಿಯಿಂದ ಎದುರು ಕಟ್ಟಡದ ಗೋಡೆ ಕಾಣುತ್ತದೆ, ಅದರ ಮೇಲೆ ಬಿಸಿಲು ಬಂದಾಗ ಬೆಳಗಾಯಿತು, ಹೋದಾಗ ಸಂಜೆಯಾಯಿತು. ಪಕ್ಕದ ಮನೆಯವರು ತಂದುಕೊಡುವ ಹರಿದ ಬಟ್ಟೆ ಹೊಲಿಯುತ್ತೇನೆ. ಜೀವಮಾನವೆಲ್ಲ ಬೇರೆಯವರ ಬಟ್ಟೆ ಬಿಗಿ ಮಾಡಿ ಸಡಿಲ ಮಾಡಿ ಕೊಟ್ಟವಳಿಗೆ ಕೈ ಸುಮ್ಮನಿರುವುದಿಲ್ಲ.

ದೊಡ್ಡವನು ಬಂದರೆ ಮಾಡುವುದು ಏನು ಗೊತ್ತಾ? ಚಪ್ಪಲಿ ಬಿಟ್ಟವನೇ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತಾನೆ. ಕೆಟ್ಟಿದೆಯೋ ಇಲ್ಲವೋ ಎಂದು ಒಂದನ್ನು ತೆರೆದು ನೋಡಬೇಕಂತೆ. ಪ್ರತಿ ಸಲವೂ ಅದೇ ಒಂದು, ನಮ್ಮ ಸಣ್ಣವನ ವಿಡಿಯೊ. ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು. ಸಣ್ಣವನು ನಗುತ್ತಾನೆ, ಕೈ ಅಡ್ಡ ಮಾಡುತ್ತಾನೆ, ಆ ಕಡೆ ತಿರುಗುತ್ತಾನೆ, ಮುಗಿಯಿತು. "ನೋಡಮ್ಮಾ, ಸರಿ ಇದೆ" ಎನ್ನುತ್ತಾನೆ. ನಾನು "ಸರಿ ಇದೆಯಪ್ಪ" ಎನ್ನುತ್ತೇನೆ. ಆಮೇಲೆ ಊಟಕ್ಕೆ ಕೂರುತ್ತೇವೆ.

ಇರಲಿ. ಗುಬ್ಬಿಯ ಮಾತು ಹೇಳು. ಮಗು ನನ್ನ ಹತ್ತಿರ ಫೋನಿನಲ್ಲಿ "ಹೂಂ" ಎಂದಷ್ಟೇ ಅಂದಳು, ನಾನು ಓದಿನ ಆಯಾಸ ಎಂದುಕೊಂಡಿದ್ದೆ. ನೀನು ಅವನಿಗೆ ನೇರವಾಗಿ ಹೇಳಿ ನೋಡು. ಬಾಯಿ ಬಿಟ್ಟು ಕೇಳಿದರೆ ಇಲ್ಲ ಅನ್ನುವ ಮಗನನ್ನು ನಾನು ಹೆತ್ತಿಲ್ಲ. ಅವನು ಮೊಂಡನಲ್ಲ, ಪುಕ್ಕಲ. ಎರಡಕ್ಕೂ ವ್ಯತ್ಯಾಸ ಇದೆ.

ನಿನ್ನ ಅತ್ತೆ

*

ಏಪ್ರಿಲ್ ೫, ಶನಿವಾರ

ಅತ್ತೆ,

ಹೇಳಿದೆ. ಬಾಯಿ ಬಿಟ್ಟು, ನೇರವಾಗಿ, ಹಜಾರದ ಕ್ಯಾಮೆರಾದ ಮುಂದೆಯೇ ಹೇಳಿದೆ. ನನ್ನ ಮಾತೂ ಪೆಟ್ಟಿಗೆ ಸೇರಿತು, ಬಿಡಿ.

ಇವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವಾಡಬಹುದಿತ್ತು. ಕೈ ಹಿಡಿದುಕೊಂಡು, "ಇನ್ಮೇಲೆ ಯಾರ ಮುಂದೂ ಹಾಕಲ್ಲ, ತಪ್ಪಾಯ್ತು. ಆದ್ರೆ ಅಳಿಸೋದು ಬೇಡ ಕಣೇ. ಒಂದು ದಿನ ಅವಳೇ ಬಂದು ಅಪ್ಪಾ ಅದೆಲ್ಲಿ ಅಂತ ಕೇಳ್ತಾಳೆ. ಆಗ ಇಲ್ಲ ಅನ್ಲಾ? ಇಲ್ಲ ಅನ್ನೋದು ಎಂಥ ಮಾತು ಅಂತ ನಂಗೊತ್ತು" ಎಂದರು. ಕಣ್ಣಲ್ಲಿ ನೀರಿತ್ತು. ಆ ಕಣ್ಣಿನ ಎದುರು ನಾನು ಏನು ವಾದ ಮಾಡಲಿ? ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಗುಬ್ಬಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಮಾರನೆಯ ದಿನ ಶಾಲೆಯಿಂದ ಬಂದವಳೇ ಪೆಟ್ಟಿಗೆಯಿಂದ ತನ್ನ ಚಿಕ್ಕಂದಿನ ಆ ಫೋಲ್ಡರನ್ನು ತಾನೇ ಅಳಿಸಿದಳು. ಇವರು ಸಂಜೆ ಬಂದು ನೋಡಿದರು, ಇಲ್ಲ. ಮುಖ ಸುಣ್ಣವಾಯಿತು. ಡ್ರಾಯರಿನ ಡಿಸ್ಕ್ ತೆಗೆದು ಸಿಕ್ಕಿಸಿದರು, ಟೀ ಆರುವುದರೊಳಗೆ ಎಲ್ಲ ವಾಪಸ್ ಬಂತು. ಆಮೇಲೆ ಇವರ ಸಂತೋಷ ನೋಡಬೇಕಿತ್ತು. "ನೋಡಿದ್ಯಾ ಗುಬ್ಬಿ? ಪೆಟ್ಟಿಗೆ ಮರೆತುಬಿಟ್ಟಿತ್ತು! ಅಪ್ಪ ಬಿಟ್ಟನಾ?" ಎಂದು ಅವಳನ್ನು ಎತ್ತಿಕೊಳ್ಳಲು ಹೋದರು. ಅವಳು ಅಳಿಸಿದ್ದು ತಾನೇ ಎಂದು ಹೇಳಲು ಬಾಯಿ ತೆರೆದಳು. "ನಾ... ನಾ..." ಅಷ್ಟಕ್ಕೇ ಇವರು "ನಾನೂ ನೋಡಿದೆ! ಅಲ್ವಾ?" ಎಂದು ಮುಗಿಸಿಕೊಟ್ಟರು.

ನಮಗೆ ಈಗ ಮಾತಾಡಲು ಒಂದೇ ಜಾಗ. ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ. ಅದು ಗರಗರ ತಿರುಗುವಾಗ ಕ್ಯಾಮೆರಾಕ್ಕೆ ನಮ್ಮ ದನಿ ಕೇಳಿಸುವುದಿಲ್ಲ ಎಂದು ಗುಬ್ಬಿಯೇ ಕಂಡುಹಿಡಿದಳು. ಆ ಹೊತ್ತಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಶಾಲೆಯದು, ಗೆಳತಿಯದು, ನೋವಿನ ಹಲ್ಲಿನದು ಎಲ್ಲ ಹೇಳುತ್ತಾಳೆ, ತೊದಲುತ್ತಲೇ, ಆದರೆ ಹೇಳುತ್ತಾಳೆ. ಒಗೆಯುವ ಬಟ್ಟೆ ಇಲ್ಲದ ದಿನವೂ ಮೆಷಿನ್ ಹಾಕುತ್ತೇವೆ. ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ತುಂಬುತ್ತೇವೆ.

ಮೊನ್ನೆ ಅಲ್ಲೇ ಅವಳು ಕೇಳಿದಳು, "ಅಮ್ಮಾ, ನಾನು ದೊಡ್ಡವಳಾದ ಮೇಲೂ ಆ ಮಗು ಅದರಲ್ಲಿ ನೀ ನೀ ಅಂತಾನೇ ಇರುತ್ತಾ?" ಈ ಪ್ರಶ್ನೆ ಮುಗಿಸಲು ಅವಳಿಗೆ ಮೆಷಿನ್ನಿನ ಒಂದು ಸುತ್ತು ಪೂರ್ತಿ ಬೇಕಾಯಿತು.

ಅದಕ್ಕೇ ನಿಮ್ಮನ್ನು ಒಂದು ಕೇಳುತ್ತೇನೆ. ಮೇ ತಿಂಗಳ ಮೊದಲ ಶನಿವಾರ, ಇವರು ಕೆಲಸದಲ್ಲಿರುವಾಗ, ಪೆಟ್ಟಿಗೆಯಿಂದಲೂ ಇಲ್ಲಿರುವ ಡಿಸ್ಕಿನಿಂದಲೂ ಗುಬ್ಬಿ ಆ ಫೋಲ್ಡರ್ ತೆಗೆಯುತ್ತಾಳೆ. ಉಳಿಯುವುದು ನಿಮ್ಮ ಬೀರುವಿನಲ್ಲಿರುವುದು ಒಂದೇ. ಅದು ಕೆಟ್ಟಿದ್ದರೆ ಇವರು ಎಲ್ಲಿಂದ ವಾಪಸ್ ತರುತ್ತಾರೆ? ತಾನಾಗಿಯೇ ಕೆಟ್ಟಿತು ಅನ್ನಿಸಬೇಕು, ಹಾವೂ ಸಾಯಬೇಕು ಕೋಲೂ ಮುರಿಯಬಾರದು. ಸಣ್ಣವನ ವಿಡಿಯೊಗೆ ಹೆದರಬೇಡಿ, ಇಲ್ಲಿನ ಎರಡರಲ್ಲೂ ಅದು ಹಾಗೇ ಇರುತ್ತದೆ, ಅದನ್ನು ಮುಟ್ಟುವುದಿಲ್ಲ.

ಕೇಳಬಾರದ್ದನ್ನು ಕೇಳುತ್ತಿದ್ದೇನೆ ಎಂದು ಗೊತ್ತು.

ನಿಮ್ಮ ಸೊಸೆ

*

ಮೇ ೪, ಭಾನುವಾರ

ಸೊಸೆಗೆ,

ದೊಡ್ಡವನು ಊಟ ಮಾಡಿ ಒಳಗೆ ಗೊರಕೆ ಹೊಡೆಯುತ್ತಿದ್ದಾನೆ. ಬೇಗ ಬರೆದು ಡಬ್ಬಿಗೆ ಹಾಕಬೇಕು, ಅಕ್ಷರ ಸೊಟ್ಟಗಿದ್ದರೆ ಸರಿಪಡಿಸಿಕೊಂಡು ಓದು.

ಆಗಲಿಲ್ಲ ಮಗಳೇ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂದು ನಾನೂ ತಿಳಿದಿದ್ದೆ. ಸುತ್ತಿಗೆಯಲ್ಲಿ ಕುಟ್ಟಿದರೆ ಗೊತ್ತಾಗುತ್ತದೆ, ನೀರಿಗೆ ಹಾಕಿದರೆ ಗೊತ್ತಾಗುತ್ತದೆ. ಆಗ ನೆನಪಾಯಿತು, ಬಿದ್ದ ಗುಂಡುಪಿನ್ನು ಎತ್ತುವ ನನ್ನ ಅಯಸ್ಕಾಂತ. ಅಂಥದ್ದನ್ನೆಲ್ಲ ಅಯಸ್ಕಾಂತ ಕೆಡಿಸುತ್ತದೆ ಎಂದು ಎಲ್ಲೋ ಕೇಳಿದ್ದೆ. ದಿನಾ ಬೆಳಿಗ್ಗೆ ಡಿಸ್ಕಿಗೆ ಹೊಟ್ಟೆ ಬೆನ್ನು ಎಲ್ಲ ಉಜ್ಜಿದೆ, ಮಗುವಿಗೆ ಎಣ್ಣೆ ಉಜ್ಜಿದ ಹಾಗೆ. ರಾತ್ರಿ ಅದರ ಮೇಲೇ ಅಯಸ್ಕಾಂತ ಇಟ್ಟು ಮಲಗಿಸಿದೆ. ಇವತ್ತು ಅವನು ಬಂದು ಸಿಕ್ಕಿಸಿದ, ಕೆಮ್ಮಲಿಲ್ಲ ಸೀನಲಿಲ್ಲ, ಎಲ್ಲ ನೆಟ್ಟಗೆ ಬಂತು. "ನೋಡಮ್ಮಾ, ಸರಿ ಇದೆ." ಈಗಿನ ಡಿಸ್ಕು ಅಯಸ್ಕಾಂತಕ್ಕೆ ಜಗ್ಗುವುದಿಲ್ಲವೋ ಏನೋ, ಮುದುಕಿಯ ಬುದ್ಧಿ ಎಷ್ಟಿದ್ದೀತು. ಗುಬ್ಬಿಗೆ ನನ್ನ ಮುಖ ತೋರಿಸಲಾರೆ.

ಇನ್ನೊಂದು ಮಾತು. ನೀನು ಸಣ್ಣವನ ವಿಡಿಯೊ ಉಳಿಸುತ್ತೇನೆ ಎಂದು ಬರೆದೆ. ಉಳಿಸಬೇಡ ಅನ್ನಲು ನನಗೆ ಧೈರ್ಯ ಇಲ್ಲ, ಉಳಿಸು ಅನ್ನಲು ಮನಸ್ಸಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಮೊದಲು ನನಗೆ ಇಡೀ ಮಗ ನೆನಪಿದ್ದ. ಅವನ ಹಟ, ಬಿದ್ದು ತಂದ ಗಾಯ, ಬಾಗಿಲು ದೂಡುವ ಸದ್ದು, ಎಲ್ಲಾ. ತಿಂಗಳು ತಿಂಗಳು ಇದೊಂದನ್ನೇ ನೋಡಿ ನೋಡಿ ಈಗ ಕಣ್ಣು ಮುಚ್ಚಿದರೆ ಅದೇ ನಗು, ಅದೇ ಕೈ, ಅದೇ ಆ ಕಡೆ ತಿರುಗುವುದು. ಅಮ್ಮನ ಕಡೆ ಒಂದು ಸಲವೂ ನೋಡುವುದಿಲ್ಲ ಅದರಲ್ಲಿ. ಅವನು ತಿರುಗಿ ಹೋಗುವುದನ್ನು ನಾನು ಎಷ್ಟು ಸಲ ನೋಡಲಿ?

ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ದೊಡ್ಡವನು ಅದನ್ನು ಹಾಕುವ ಹೊತ್ತಿಗೆ ಕಣ್ಣೊರೆಸಿಕೊಳ್ಳುವ ನೆಪದಲ್ಲಿ ಕನ್ನಡಕ ತೆಗೆದುಬಿಡುತ್ತೇನೆ. ಆಗ ಏನೋ ಒಂದು ಬಣ್ಣ ಅಲುಗಿದ ಹಾಗೆ ಕಾಣುತ್ತದೆ, ಅಷ್ಟೆ. ತೆಗೆದು ಹಾಕಿ ತೆಗೆದು ಹಾಕಿ ಒಂದು ಕಡ್ಡಿ ಸಡಿಲವಾಗಿದೆ. ನಿನ್ನ ಅಂಗಡಿಯಿಂದ ಹೊಸದೊಂದು ಕಳಿಸು.

ಗೊರಕೆ ನಿಂತಿತು.

ಅತ್ತೆ

*

ಮೇ ೨೪

ಅತ್ತೆ,

ಕನ್ನಡಕದ ಜೊತೆ ಇದು ಬರುತ್ತಿದೆ. ನಮ್ಮ ಅಂಗಡಿಯ ಡೆಲಿವರಿಯವರು ನಿಮ್ಮ ಬಾಗಿಲಿಗೇ ತಂದು ಕೊಡುತ್ತಾರೆ. ಇನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಏನೂ ಬರೆದಿಡಬೇಡಿ. ಯಾಕೆಂದು ಹೇಳುತ್ತೇನೆ.

ಆ ಶನಿವಾರ ನಾವು ಇಲ್ಲಿ ಎರಡರಿಂದಲೂ ಅಳಿಸಿದೆವು. ಗುಬ್ಬಿ ಅಂದು ಸಂಜೆ ಹಾಡು ಗುನುಗುತ್ತಾ ಓಡಾಡಿದಳು, ಮೆಷಿನ್ ಇಲ್ಲದೆಯೇ. ಭಾನುವಾರ ಇವರು ಬಂದು ನಿಮ್ಮಲ್ಲಿಂದ ತಂದ ಡಿಸ್ಕಿನಿಂದ ಎಲ್ಲ ವಾಪಸ್ ತುಂಬಿದರು. ಯಾರ ಮೇಲೂ ಅನುಮಾನವಿಲ್ಲ. "ಪೆಟ್ಟಿಗೆಗೆ ವಯಸ್ಸಾಯ್ತು, ಎರಡನೇ ಸಲ ಮರೀತು" ಎಂದು ಬೇಜಾರು ಮಾಡಿಕೊಂಡು ಹೊಸ ಡಿಸ್ಕ್ ಕೊಂಡು ತಂದರು. ಅಂದಿನಿಂದ ಗುಬ್ಬಿ ಮೆಷಿನ್ನಿನ ಹತ್ತಿರವೂ ಮಾತು ಬಿಟ್ಟಿದ್ದಾಳೆ. ಬಂದು ನಿಲ್ಲುತ್ತಾಳೆ, ಒಳಗೆ ಬಟ್ಟೆ ತಿರುಗುವುದನ್ನು ನೋಡುತ್ತಾಳೆ, ಹೋಗುತ್ತಾಳೆ. ಬೇಸಿಗೆ ತರಗತಿಯಿಂದಲೂ ಕರೆ ಬಂತು, ಹಾಜರಿಗೂ ಬಾಯಿ ಬಿಡುತ್ತಿಲ್ಲವಂತೆ, ಕೈ ಎತ್ತುತ್ತಾಳಂತೆ.

ನಿನ್ನೆ ಅವಳ ಶಾಲೆಗೆ ಒಂದು ಫೋಟೊ ಬೇಕಿತ್ತು, ಹುಡುಕಲು ಪೆಟ್ಟಿಗೆ ತೆರೆದೆ. ಹೊಸ ಫೋಲ್ಡರ್ ಒಂದಿತ್ತು. ಹೆಸರು "ಡಬ್ಬಿ". ತೆರೆದರೆ ನನ್ನದೇ ಅಕ್ಷರ. ಫೆಬ್ರವರಿಯ ಕಾಗದ, ಮಾರ್ಚಿನದು, ಏಪ್ರಿಲ್ಲಿನದು, ನೀವು ಗೊರಕೆ ಕೇಳುತ್ತಾ ಬರೆದದ್ದೂ. ಮಡಿಕೆ ಬಿಡಿಸಿ, ನೇರ ಮಾಡಿ, ಬೆಳಕು ಹೊಂದಿಸಿ, ಎಷ್ಟು ಚೆನ್ನಾಗಿ ಸ್ಕ್ಯಾನ್ ಮಾಡಿದ್ದಾರೆ ಎಂದರೆ ನನ್ನ ಅಕ್ಷರ ನನ್ನದಕ್ಕಿಂತ ಅಂದವಾಗಿ ಕಾಣುತ್ತಿತ್ತು. ಪ್ರತಿಯೊಂದಕ್ಕೂ ತಾರೀಖು. ಫೋಮು ಕೂದಲೆಳೆಯಷ್ಟು ಎತ್ತರವಾದರೂ ಲಿಫ್ಟಿನವರ ಕೈಗೆ ಗೊತ್ತಾಗದೇ ಇರುತ್ತದೆಯೇ? ನಾವು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದ್ದಾರೆ.

ಮೊದಲಿನಿಂದ ಗೊತ್ತಿತ್ತು, ಅತ್ತೆ. ಗೊತ್ತಿದ್ದೂ ನನ್ನ ಜೊತೆ ಕೂತು ಊಟ ಮಾಡಿದ್ದಾರೆ, ಗುಬ್ಬಿಗೆ ಲೆಕ್ಕ ಹೇಳಿಕೊಟ್ಟಿದ್ದಾರೆ, ಆ ಮುಖದಲ್ಲಿ ಒಂದು ಗೆರೆ ಬದಲಾಗಿಲ್ಲ. ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ನಾಲ್ಕು ಹಾಳೆ ಕಾಗದ, ಅದೂ ಈಗ ಮೂರು ಕಡೆ ಭದ್ರವಾಗಿದೆ. ಕೇಳೋಣವೆಂದರೆ ಕೇಳಿದ್ದೂ ಅದರೊಳಗೇ ಹೋಗುತ್ತದೆ. ನಾನು ಇನ್ನು ಬರೆಯಲಾರೆ.

ಕನ್ನಡಕದ ಕಡ್ಡಿ ಗಟ್ಟಿ ಮಾಡಿಸಿದ್ದೇನೆ. ಎಷ್ಟು ಸಲ ಬೇಕಾದರೂ ತೆಗೆಯಬಹುದು.

ನಿಮ್ಮ ಸೊಸೆ

*

ಜುಲೈ ೫, ಶನಿವಾರ

ದೊಡ್ಡವನಿಗೆ,

ಇದು ನಿನ್ನ ಹೆಂಡತಿಗಲ್ಲ, ನಿನಗೇ. ಅದಕ್ಕೇ ಮಡಿಸಿ ಮೂರು ಕಡೆಯೂ ನೀಲಿ ದಾರದಲ್ಲಿ ಹೊಲಿದು ಮೇಲೆ "ದೊಡ್ಡವನಿಗೆ" ಎಂದು ಬರೆದಿದ್ದೇನೆ. ಬಿಚ್ಚಲು ಹೊತ್ತು ಹಿಡಿದಿರಬೇಕು, ಹಿಡಿಯಲಿ ಎಂದೇ ಚಿಕ್ಕ ಹೊಲಿಗೆ ಹಾಕಿದೆ. ಹೊಲಿಗೆ ಬಿಚ್ಚಿದವನು ಕಾಗದ ಓದಲೇಬೇಕು, ಸುಮ್ಮನೆ ಇಡುವ ಹಾಗಿಲ್ಲ.

ನಮ್ಮ ಕಾಗದಗಳನ್ನು ನೀನು ಕಾಪಿ ಮಾಡಿ ಇಟ್ಟಿದ್ದೀಯ ಎಂದು ತಿಳಿಯಿತು. ಅವಳ ಮೇಲೆ ಹಾರಾಡಬೇಡ. ತಿಳಿದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಾಯಿ ಹೆಂಡತಿ ಬರೆದದ್ದನ್ನು ಕದ್ದು ಓದಿ ಏನೂ ಗೊತ್ತಿಲ್ಲದ ಹಾಗೆ ಕೂತಿದ್ದಾನಲ್ಲ ಎಂದು. ಜೂನ್ ತಿಂಗಳ ಭಾನುವಾರಕ್ಕೆ ಕಾದೆ. ಸಣ್ಣವನ ವಿಡಿಯೊ ನನ್ನಿಂದ ನೋಡಲಾಗುವುದಿಲ್ಲ ಎಂದು ನಾನು ಮೇ ತಿಂಗಳಲ್ಲೇ ಬರೆದಿದ್ದೆನಲ್ಲ, ಓದಿದವನು ಅದನ್ನು ಮತ್ತೆ ಹೇಗೆ ಹಾಕುತ್ತಾನೆ ನೋಡೋಣ ಎಂದು.

ನೀನು ಬಂದೆ. ಚಪ್ಪಲಿ ಬಿಟ್ಟೆ. ಸಿಕ್ಕಿಸಿದೆ. ಹಾಕಿದೆ. "ನೋಡಮ್ಮಾ, ಸರಿ ಇದೆ" ಅಂದೆ.

ಆಗ ಗೊತ್ತಾಯಿತು, ನೀನು ಓದಿಯೇ ಇಲ್ಲ. ಅಕ್ಷರ ಸ್ಪಷ್ಟವಾಗಿದೆಯೇ ಎಂದು ನೋಡಿದ್ದೀಯ, ಏನು ಬರೆದಿದೆ ಎಂದು ನೋಡಿಲ್ಲ. ಓದಿದ್ದರೆ ಎರಡು ಬಾರಿಸಬಹುದಿತ್ತು. ಓದದೇ ಜೋಪಾನ ಮಾಡಿದ್ದೀಯಲ್ಲ, ಅದಕ್ಕೆ ಏನು ಮಾಡಲಿ? ಅಂದು ನಾನು ಕನ್ನಡಕ ತೆಗೆದು ಕೂತಿದ್ದೆ, ನೀನು ಪರದೆ ನೋಡುತ್ತಿದ್ದೆ. ನನ್ನ ಕಡೆ ನೋಡಲಿಲ್ಲ.

ಈಗ ಒಂದು ಹೇಳುತ್ತೇನೆ, ಕೇಳು. ನಮ್ಮ ಹೊಲಿಗೆ ಅಂಗಡಿಯಲ್ಲಿ ಕೆಲಸ ಹೆಚ್ಚಿದ ದಿನ ಸಣ್ಣವನು ಮೆಷಿನ್ನಿನ ಕೆಳಗಿನ ಬಟ್ಟೆ ಚೂರಿನ ಮೂಟೆಯಲ್ಲಿ ನುಗ್ಗಿ ನಿದ್ದೆ ಹೋಗುತ್ತಿದ್ದ. ನೀನು ಗಳಿಗೆಗೊಮ್ಮೆ ಬಂದು ಅವನ ಮೂಗಿನ ಕೆಳಗೆ ಬೆರಳಿಟ್ಟು, "ಅಮ್ಮಾ, ಇವನು ಉಸಿರಾಡ್ತಿದಾನಾ?" ಎಂದು ಕೇಳುತ್ತಿದ್ದೆ. ಆಡ್ತಿದಾನೆ ಹೋಗೋ ಎಂದರೂ ನಂಬದೆ ಹಿಡಿದು ಅಲ್ಲಾಡಿಸುತ್ತಿದ್ದೆ. ಅವನು ಎದ್ದು ಅಳುತ್ತಿದ್ದ, ಆಗ ನಿನಗೆ ಸಮಾಧಾನ. ಒಂದು ದಿನ ಮಾತ್ರ ಅವನು ಮೊದಲೇ ಎಚ್ಚರವಿದ್ದು, ನೀನು ಬಗ್ಗಿದ ತಕ್ಷಣ ನಿನ್ನ ಮೂಗನ್ನು ಗಪ್ಪನೆ ಹಿಡಿದುಬಿಟ್ಟ. ನೀನು ಕಿರುಚಿದ್ದು ಬೀದಿಗೆಲ್ಲ ಕೇಳಿತು. ಮೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನ ತಲೆ ತುಂಬ ಕೆಂಪು ನೂಲು. ಇದು ನಿನ್ನ ಯಾವ ಡಿಸ್ಕಿನಲ್ಲಿದೆ ಹೇಳು? ನನ್ನ ಹತ್ತಿರ ಇಂಥದ್ದು ಇನ್ನೂ ಬೇಕಾದಷ್ಟಿವೆ. ಪರದೆ ಮುಚ್ಚಿ ಕೇಳಿದರೆ ಹೇಳುತ್ತೇನೆ. ಕೇಳದಿದ್ದರೆ ನನ್ನ ಜೊತೆಗೇ ಹೋಗುತ್ತವೆ.

ಇನ್ನು ಗುಬ್ಬಿ. ಪೆಟ್ಟಿಗೆ ಮರೆಯಲಿಲ್ಲ ಕಣೋ. ಎರಡು ಸಲವೂ ಅಳಿಸಿದ್ದು ನಿನ್ನ ಮಗಳು. ಬಾಯಲ್ಲಿ ಹೇಳಲಾಗದವಳು ಬೆರಳಲ್ಲಿ ಹೇಳಿದಳು, ನೀನು ಎರಡು ಸಲವೂ ವಾಪಸ್ ತಂದೆ. ಇನ್ನು ಅವಳು ಹೇಗೆ ಹೇಳಬೇಕು? ಅವಳು ಈಗ ಯಾರ ಜೊತೆಯೂ ಮಾತಾಡುತ್ತಿಲ್ಲ, ಅದಾದರೂ ಗೊತ್ತಾ ನಿನಗೆ? ಹಳೆಯ ಮಗುವನ್ನು ಭದ್ರ ಮಾಡುತ್ತಾ ಕೂತಿದ್ದೀಯ, ಎದುರಿಗಿರುವವಳು ಕೈ ಜಾರುತ್ತಿದ್ದಾಳೆ.

ಅವಳು ಉಸಿರಾಡುತ್ತಿದ್ದಾಳೆ. ಅಲ್ಲಾಡಿಸಿ ನೋಡಬೇಡ. ಅವಳು ಪದ ಹುಡುಕುವಾಗ ಮುಗಿಸಿಕೊಡಬೇಡ, ಕಾಯಿ.

ಈ ಕಾಗದವನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ಅಮ್ಮ

*

ಆಗಸ್ಟ್ ೨, ಶನಿವಾರ

ಅತ್ತೆ,

ಬರೆಯುವುದಿಲ್ಲ ಎಂದಿದ್ದೆ, ಬರೆಯುತ್ತಿದ್ದೇನೆ. ಇದು ಡಬ್ಬಿಯಲ್ಲಿ ಬರುತ್ತಿಲ್ಲ, ಗುಬ್ಬಿಯ ಕೈಯಲ್ಲಿ ಬರುತ್ತಿದೆ. ನಾಳೆ ಅಪ್ಪನ ಜೊತೆ ಅವಳೂ ಬರುತ್ತಾಳೆ. ಎರಡು ವಾರ ನಿಮ್ಮಲ್ಲೇ ಇರುತ್ತಾಳಂತೆ. ಶಾಲೆಗೆ ರಜೆ ಹೇಳಿ ಕಳಿಸುತ್ತಿರುವುದು ನಾನಲ್ಲ, ಇವರು.

ಇವರಿಗೆ ಏನಾಯಿತೋ ನನಗೆ ಗೊತ್ತಿಲ್ಲ. ಹೋದ ತಿಂಗಳ ಭಾನುವಾರ ನಿಮ್ಮಲ್ಲಿಂದ ಬಂದವರು ಡಬ್ಬಿ ಹಿಡಿದುಕೊಂಡು ಮೇಜಿನ ಹತ್ತಿರ ಬೆನ್ನು ಹಾಕಿ ಕೂತರು. ನನ್ನ ಹೊಲಿಗೆ ಡಬ್ಬಿಯಿಂದ ಚಿಕ್ಕ ಕತ್ತರಿ ಕೇಳಿ ತೆಗೆದುಕೊಂಡರು. ಬಹಳ ಹೊತ್ತು ಏಳಲಿಲ್ಲ. ಊಟಕ್ಕೆ ಕರೆದರೆ "ಬಂದೆ" ಅಂದರು, ಬರಲಿಲ್ಲ. ಅಂದು ಡಿಸ್ಕನ್ನು ಸಿಕ್ಕಿಸಲೂ ಇಲ್ಲ.

ಮೂರು ದಿನ ಹೋದವು. ಆಮೇಲೆ ಒಂದು ಸಂಜೆ ಗುಬ್ಬಿಯನ್ನು ಕರೆದು ಪೆಟ್ಟಿಗೆಯ ಮುಂದೆ ತಮ್ಮ ಪಕ್ಕ ಕೂರಿಸಿಕೊಂಡರು. ಆ ಫೋಲ್ಡರ್ ತೆರೆದು, "ಇದಾ?" ಎಂದರು. ಅವಳು ತಲೆ ಆಡಿಸಿದಳು. ಶಾಶ್ವತವಾಗಿ ಅಳಿಸಬೇಕೇ ಎಂದು ಪರದೆ ಕೇಳಿತು. ಇವರ ಕೈ ಮುಂದೆ ಹೋಯಿತು, ನಿಂತಿತು, ವಾಪಸ್ ಬಂತು. ಮತ್ತೆ ಹೋಯಿತು. "ನನ್ನ ಕೈಲಿ ಆಗ್ತಿಲ್ಲ ಪುಟ್ಟಾ, ನೀನು ಹೇಳು, ಏನು ಮಾಡಲಿ" ಎಂದರು.

ಅವಳು ಬಾಯಿ ತೆರೆದಳು. "ಅ..." ಎಂದಳು. "ಅ... ಅ..." ಹಜಾರದ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡು ನಿಂತಿದ್ದೆ, ಈಗ ಇವರು ಮುಗಿಸಿಕೊಡುತ್ತಾರೆ, ಈಗ ಮುಗಿಸಿಕೊಡುತ್ತಾರೆ ಎಂದು. ಇವರು ತುಟಿ ಕಚ್ಚಿಕೊಂಡು ಅವಳ ಮುಖವನ್ನೇ ನೋಡುತ್ತಾ ಕಾದರು. ಒಲೆಯ ಮೇಲಿನದು ತಳ ಹಿಡಿಯಿತು. "ಅಳಿಸು" ಎಂದಳು. ಎಂದವಳು ತಾನೇ ಬೆರಳಿಟ್ಟು ಒತ್ತಿದಳು. ಪೆಟ್ಟಿಗೆಯದು, ನಿಮ್ಮಲ್ಲಿಂದ ಬಂದದ್ದು, ಒಂದೊಂದಾಗಿ. ನಿಮ್ಮ ಬೀರುವಿನಲ್ಲಿರುವುದನ್ನು ನಾಳೆ ಅಲ್ಲೇ ಅಳಿಸುತ್ತಾಳೆ.

ಅಷ್ಟಾದ ಮೇಲೆ ಇವರು ಯಾರೂ ಕೇಳದೇ ಹೇಳಿದರು, "ಇನ್ನೊಂದಿದೆ. ಪೆಟ್ಟಿಗೆ ಮರೀತಿದೆ ಅಂತ ಭಯ ಆಗಿ ಇನ್ನೊಂದು ಕಾಪಿ ಮಾಡಿದ್ದೆ. ಕೆಲಸದ ಕಡೆ ಲಿಫ್ಟಿನ ಮೋಟಾರ್ ರೂಮಲ್ಲಿ ಇಟ್ಟಿದೀನಿ." ಮಾರನೆಯ ದಿನ ಗುಬ್ಬಿಯನ್ನು ಅಲ್ಲಿಗೆ ಕರೆದುಕೊಂಡು ಹೋದರು. ಅದೂ ಆಯಿತು. ಬರುವಾಗ ಇಬ್ಬರೂ ನಗುತ್ತಾ ಬಂದರು. ನಿಮ್ಮ ಸಣ್ಣ ಮಗ ಬಟ್ಟೆ ಚೂರಿನ ಮೂಟೆಯಲ್ಲಿ ಮಲಗಿ ಇವರ ಮೂಗು ಹಿಡಿದಿದ್ದನಂತೆ, ಹೌದಾ? ಇಷ್ಟು ವರ್ಷದಲ್ಲಿ ನನಗೆ ಒಂದು ದಿನವೂ ಹೇಳಿರಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಅಡುಗೆಮನೆ ಬಾಗಿಲ ಮೇಲಿನ ಕಣ್ಣು ಹಾಗೇ ಇದೆ. ಪೆಟ್ಟಿಗೆ ಚಪ್ಪಲಿ ಬೀರುವಿನ ಮೇಲೆ ಗುಂಯ್ ಎನ್ನುತ್ತಲೇ ಇದೆ. ನಮ್ಮ ಕಾಗದಗಳೂ ಅದರಲ್ಲೇ ಇವೆ, "ಡಬ್ಬಿ" ಎಂಬ ಹೆಸರಿನಲ್ಲಿ. ನಾನು ಈಗಲೂ ಒಬ್ಬಳೇ ಗೊಣಗಿಕೊಳ್ಳುವಾಗ ಮೇಲೆ ನೋಡುತ್ತೇನೆ. ಗುಬ್ಬಿ ಮಾತ್ರ ಮೆಷಿನ್ ಇಲ್ಲದೆ ಮಾತಾಡುತ್ತಿದ್ದಾಳೆ, ದಿನಕ್ಕೆ ನಾಲ್ಕು ಮಾತು, ಆರು ಮಾತು. ನಿಮ್ಮಲ್ಲಿ ಇನ್ನೂ ಆಡಿಯಾಳು. ಅವಸರ ಮಾಡಬೇಡಿ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಒಂದು ಕೇಳಬೇಕು. ಆ ಭಾನುವಾರ ನೀವು ಏನಾದರೂ ಬರೆದಿದ್ದಿರಾ? ಫೋಮು ಎತ್ತಿ ನೋಡಿದೆ, ಕಾಗದವಿರಲಿಲ್ಲ. ತುಂಡು ತುಂಡು ನೀಲಿ ದಾರ ಮಾತ್ರ ಇತ್ತು. ಪೆಟ್ಟಿಗೆಯಲ್ಲಿ ಹುಡುಕಿದೆ, ಇಲ್ಲಿನ ಡಿಸ್ಕಿನಲ್ಲೂ ಹುಡುಕಿದೆ. ಎಲ್ಲೂ ಇಲ್ಲ. ಆದರೆ ಇವರು ದಿನವೂ ಶರ್ಟನ್ನು ಒಗೆಯಲು ಹಾಕುವ ಮೊದಲು ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಇನ್ನೊಂದು ಶರ್ಟಿನ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಂಚಿನಲ್ಲಿ ಸಾಲಾಗಿ ಸೂಜಿಯ ತೂತುಗಳು. ಮಡಿಕೆಯ ಹತ್ತಿರ ಆಗಲೇ ಹರಿಯಲು ಶುರುವಾಗಿದೆ. ಕಾಪಿ ಇಲ್ಲದ ಆ ಒಂದೇ ಒಂದು ಹಾಳೆಯನ್ನು ಎದೆಯ ಮೇಲೆ ಇಟ್ಟುಕೊಂಡು ಇವರು ದಿನವೂ ಲಿಫ್ಟುಗಳನ್ನು ಹತ್ತಿ ಇಳಿಯುತ್ತಿದ್ದಾರೆ.

ನಿಮ್ಮ ಸೊಸೆ